ಅರ್ಧಕ್ಕೆ ನಿಂತ ಸುದ್ದಿ

ಆ ಮನುಷ್ಯ ಬಂದದ್ದು ನಾನೂ ಗೆಳತಿಯೂ ಮಧ್ಯಾಹ್ನದ ಊಟ ಮುಗಿಸಿ ವಾಚನಾಲಯದ ಮಾಳಿಗೆಯಲ್ಲಿ ಮತ್ತೆ ಕೆಲಸಕ್ಕೆ ಕೂತಿದ್ದ ಹೊತ್ತಿನಲ್ಲಿ. ವಯಸ್ಸು ಅರವತ್ತರ ಆಸುಪಾಸು. ಹುಬ್ಬಿನಲ್ಲಿ, ಅಂಗಿಯ ತೋಳಿನ ಮಡಿಕೆಯಲ್ಲಿ ಜೋಳದ ಹಿಟ್ಟು ಅಂಟಿಕೊಂಡಿತ್ತು. ತನ್ನದು ಕೆರೂರು, ಹಿಟ್ಟಿನ ಗಿರಣಿ ಇದೆ, ಅದನ್ನು ಬಂದ್ ಮಾಡಿ ಬಸ್ಸು ಹತ್ತಿ ಬಂದಿದ್ದೇನೆ ಎಂದು ಹೇಳಿ ಜೇಬಿನಿಂದ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲಿ ನಮ್ಮದೇ ಸಂಗ್ರಹದ ಹಳೆಯ ಪತ್ರಿಕೆಯ ಒಂದು ಪುಟದ ಫೋಟೋ ಇತ್ತು. ಅಂಚಿನಲ್ಲಿ ನಾವು ಒತ್ತಿದ ಮುದ್ರೆಯೂ ಕಾಣುತ್ತಿತ್ತು.

“ಇದರ ಅಸಲಿ ಹಾಳಿ ನಿಮ್ಮ ಹತ್ರ ಐತೆಲ್ರಿ ಅಕ್ಕಾರ? ಅದನ್ನ ಹರದು ನನ್ನ ಕೈಯಾಗ ಕೊಡ್ರಿ. ನಾ ಬ್ಯಾರೆ ಏನೂ ಕೇಳೂದಿಲ್ಲ,” ಎಂದರು.

ಹಾಗೆ ಕೇಳಿದವರು ಅವರೇ ಮೊದಲಿಗರು. ಸುದ್ದಿ ಹುಡುಕಿಕೊಡಿ ಎಂದು ಬರುವವರು ಬಹಳ. ಸುದ್ದಿ ಇಲ್ಲವಾಗಿಸಿ ಎಂದು ಯಾರೂ ಬಂದಿರಲಿಲ್ಲ.

ನಮ್ಮ ತಂದೆ ಹಳೆಯ ಬಾಗಲಕೋಟೆಯಲ್ಲಿ ಪತ್ರಿಕೆಗಳ ಏಜೆಂಟರಾಗಿದ್ದರು. ಬಂದ ಕಟ್ಟಿನಿಂದ ಒಂದೊಂದು ಪ್ರತಿಯನ್ನು ಎತ್ತಿಡುವುದು ಅವರ ಅಭ್ಯಾಸ. ದೊಡ್ಡ ದಿನಪತ್ರಿಕೆಗಳಿಂದ ಹಿಡಿದು, ಸುತ್ತಲಿನ ಊರುಗಳಲ್ಲಿ ಹುಟ್ಟಿ ಕೆಲವೇ ವರ್ಷ ಬದುಕಿದ ವಾರಪತ್ರಿಕೆಗಳ ತನಕ ಅವರು ಯಾವುದನ್ನೂ ಬಿಡಲಿಲ್ಲ. ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯಲ್ಲಿ ಮನೆ ಬಿಟ್ಟು ನವನಗರಕ್ಕೆ ಬರುವಾಗ ಎಲ್ಲರೂ ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಹೇರಿಕೊಂಡರು. ನಮ್ಮ ತಂದೆ ಅವುಗಳ ಮೇಲೆ ಪತ್ರಿಕೆಯ ಕಟ್ಟುಗಳನ್ನೂ ಹೇರಿಸಿದರು. ಹೊಸ ಮನೆಯ ಒಂದು ಕೋಣೆ ಅವುಗಳಿಗೇ ಹೋಯಿತು. ಅವರು ತೀರಿಕೊಂಡ ಮೇಲೆ ರದ್ದಿಯವನನ್ನು ಕರೆಸೋಣ ಎಂದು ಮನೆಯವರೆಲ್ಲ ಹೇಳಿದರು. ಆಗಷ್ಟೇ ಹೆಣ್ಣುಮಕ್ಕಳ ಹೈಸ್ಕೂಲಿನ ಕನ್ನಡ ಶಿಕ್ಷಕಿಯ ಕೆಲಸದಿಂದ ನಿವೃತ್ತಳಾಗಿದ್ದ ನಾನು ಬೇಡವೆಂದೆ. ನನ್ನ ಜೊತೆ ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಗೆಳತಿ ನೆರವಿಗೆ ಬಂದಳು. ಒಂದು ವಾಚನಾಲಯದವರು ಮಾಳಿಗೆಯ ಮೇಲಿನ ಕೋಣೆ ಬಿಟ್ಟುಕೊಟ್ಟರು.

ಕಟ್ಟುಗಳನ್ನು ಒಟ್ಟಿಟ್ಟರೆ ಏನೂ ಪ್ರಯೋಜನವಿಲ್ಲ, ಬೇಕಾದದ್ದು ಬೇಕಾದಾಗ ಸಿಗಬೇಕು ಎಂದು ಹಟ ಹಿಡಿದವಳು ಗೆಳತಿಯೇ. ಒಂದೊಂದು ಸುದ್ದಿಗೂ ಒಂದು ಕಾರ್ಡು. ಅದರ ಮೇಲೆ ಊರು, ವ್ಯಕ್ತಿಯ ಹೆಸರು, ವಿಷಯ, ಪತ್ರಿಕೆ, ಪುಟ. ಹೀಗೆ ವರ್ಷಗಟ್ಟಲೆ ಬರೆದೆವು. ಆಮೇಲೆ ಅವಳು ಅದನ್ನೆಲ್ಲ ಪುಟಗಳ ಫೋಟೋ ಸಮೇತ ಕಂಪ್ಯೂಟರಿಗೆ ಏರಿಸಿದಳು. ಈಗ ಯಾರು ಬೇಕಾದರೂ ಮನೆಯಲ್ಲಿ ಕೂತು ತಮ್ಮ ಊರಿನ ಹೆಸರು ಹಾಕಿ ನೋಡಬಹುದು. ಮುಳುಗಿದ ಓಣಿಯ ಚಿತ್ರ ಹುಡುಕುವವರಿಗೆ, ಅಜ್ಜ ಕುಸ್ತಿ ಗೆದ್ದ ಸುದ್ದಿ ಕೇಳುವವರಿಗೆ, ಪಿಎಚ್‌ಡಿ ಮಾಡುವ ಹುಡುಗಿಯರಿಗೆ ಇದರಿಂದ ಎಷ್ಟೋ ಅನುಕೂಲವಾಗಿತ್ತು.

ಗಿರಣಿಯವರ ಮೊಬೈಲಿನಲ್ಲಿದ್ದ ಸುದ್ದಿ ಐವತ್ತು ವರ್ಷಕ್ಕೂ ಹಿಂದಿನದು. ಹತ್ತಿಯಿಂದ ಬೀಜ ಬಿಡಿಸುವ ಬಾಗಲಕೋಟೆಯ ಒಂದು ಜಿನ್ನಿಂಗ್ ಫ್ಯಾಕ್ಟರಿಯ ಅರಳೆ ಗೋದಾಮಿಗೆ ಬೆಂಕಿ ಬಿದ್ದಿದೆ. ಗೋದಾಮಿನ ಕಾವಲುಗಾರನೇ ಬೆಂಕಿ ಹಚ್ಚಿದ ಶಂಕೆಯ ಮೇಲೆ ಪೊಲೀಸರು ಅವನನ್ನು ಬಂಧಿಸಿದ್ದಾರೆ. ಅವನ ಎರಡೂ ಕೈಗಳು ಸುಟ್ಟಿರುವುದು ಶಂಕೆಗೆ ಬಲ ಕೊಟ್ಟಿದೆ. ಕಾವಲುಗಾರನ ಹೆಸರು, ತಂದೆಯ ಹೆಸರು, ಸ್ವಂತ ಊರು ಕೆರೂರು ಎಂಬುದು, ಎಲ್ಲವೂ ಇತ್ತು. ಆ ಕಾವಲುಗಾರ ಇವರ ತಂದೆ.

ಕೆರೂರಿನ ಹಳೆಯ ಸುದ್ದಿಗಳನ್ನು ಹುಡುಕುತ್ತಿದ್ದ ಯಾರೋ ಈ ಪುಟವನ್ನೂ ಊರಿನ ಮೊಬೈಲ್ ಗ್ರೂಪಿಗೆ ಹಾಕಿದ್ದರು. ಅಲ್ಲಿಂದ ಶುರುವಾಗಿತ್ತು. ಜೋಳ ಬೀಸಿಸಲು ಬಂದವರು, ಬೆಂಕಿಪೊಟ್ಟಣ ದೂರ ಇಟ್ಟೀಯಲ್ಲೋ ಎಂದು ಕೇಳಿ ನಗುತ್ತಿದ್ದರಂತೆ. ಸಂತೆಯ ದಿನ ಚಹಾದಂಗಡಿಯಲ್ಲಿ ಅದೇ ಮಾತು. ಕಾಲೇಜಿನಿಂದ ಬಂದ ಮೊಮ್ಮಗಳು ಮುಖ ಸಣ್ಣಗೆ ಮಾಡಿಕೊಂಡು, ಅಜ್ಜಾ, ನಿನ್ನ ಅಪ್ಪ ಜೇಲಿಗೆ ಹೋಗಿದ್ದನೇ ಎಂದು ಕೇಳಿದ್ದಳು. ಕೋರ್ಟು ತಂದೆಯನ್ನು ಬಿಟ್ಟಿತ್ತು ಎನ್ನುವುದಷ್ಟು ಇವರಿಗೆ ಗೊತ್ತು. ಆದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಪುಟ ಹರಿಯಲು ಆಗುವುದಿಲ್ಲ ಎಂದೆ. ಒಂದನ್ನು ಹರಿದರೆ ನಾಳೆ ಇನ್ನೊಬ್ಬರಿಗೂ ಹರಿಯಬೇಕಾಗುತ್ತದೆ, ಆಮೇಲೆ ಉಳಿಯುವುದು ಬರೀ ಸನ್ಮಾನದ ಸುದ್ದಿ ಎಂದು ವಿವರಿಸಿದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು.

“ಅಷ್ಟು ವರ್ಷ ಆ ಸುದ್ದಿ ಸತ್ತು ಮಲಗಿತ್ರಿ. ಎಬ್ಬಿಸಿದವರು ನೀವು,” ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಆ ಮಾತು ನನ್ನನ್ನು ಕೂಡಲು ಬಿಡಲಿಲ್ಲ. ಗೆಳತಿ ಲೆಕ್ಕದ ಟೀಚರು. ಅವಳು ನೇರವಾಗಿ ಹೇಳಿದಳು: ಹರಿಯುವುದು ಬೇಡ, ಅದು ಸರಿ. ಆದರೆ ಬಂಧನದ ಸುದ್ದಿ ಮಾತ್ರ ತೋರಿಸಿ, ಮುಂದೇನಾಯಿತು ಹೇಳದಿದ್ದರೆ ಅದು ಅರ್ಧ ಬಿಡಿಸಿದ ಲೆಕ್ಕ. ಉತ್ತರ ಬರುವ ತನಕ ಈ ಲೆಕ್ಕ ಬಿಡಬಾರದು. ಅದೇ ದಿನ ಕೆರೂರಿಗೆ ಫೋನು ಮಾಡಿದೆ. ಪುಟ ಕೊಡುವುದಿಲ್ಲ, ಆದರೆ ಬಿಡುಗಡೆಯ ಸುದ್ದಿ ಎಲ್ಲಿದ್ದರೂ ಹುಡುಕುತ್ತೇವೆ ಎಂದೆ. ಅವರು ಹೂಂ ಎಂದರು. ನಂಬಿದಂತೆ ಕಾಣಲಿಲ್ಲ.

ಮೊದಲು ನಮ್ಮ ಕಟ್ಟುಗಳನ್ನೇ ಹಿಡಿದೆವು. ಬೆಂಕಿಯ ದಿನದಿಂದ ಮುಂದಿನ ಎರಡು ವರ್ಷದ ಪತ್ರಿಕೆಗಳನ್ನು ಮತ್ತೊಮ್ಮೆ, ಈ ಸಲ ಸಾಲು ಸಾಲು ಓದಿದೆವು. ಹತ್ತಿಯ ಧಾರಣೆ, ಸಿನಿಮಾ ಜಾಹೀರಾತು, ನದಿಗೆ ನೀರು ಬಂದದ್ದು, ಹೆಣ್ಣು ಕೊಟ್ಟು ಹೆಣ್ಣು ತಂದ ಮದುವೆಗಳು, ಎಲ್ಲ ಇದ್ದವು. ಬಂಧನವನ್ನು ಮುಖಪುಟದಲ್ಲಿ ಹಾಕಿದ್ದ ಪತ್ರಿಕೆ ಆ ಮೊಕದ್ದಮೆಯ ಬಗ್ಗೆ ಮುಂದೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಹಳೆಯ ಕಾಗದದ ಧೂಳಿಗೆ ಗೆಳತಿಗೆ ಕೆಮ್ಮು ಹತ್ತಿತು. ಮೂಗಿಗೆ ಸೆರಗು ಕಟ್ಟಿಕೊಂಡು ಓದಿದಳೇ ಹೊರತು ಬಿಡಲಿಲ್ಲ.

ಕೋರ್ಟಿನ ಕಾಗದ ಸಿಗಬಹುದೆಂದು ಹುನಗುಂದದಲ್ಲಿರುವ ಒಬ್ಬ ಹಿರಿಯ ವಕೀಲರ ಮನೆಗೆ ಹೋದೆ. ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು, ಆದರೂ ನೆನಪು ಚುರುಕಾಗಿತ್ತು. ಅಷ್ಟು ಹಳೆಯ, ಬಿಡುಗಡೆಯಾದ ಮೊಕದ್ದಮೆಯ ಕಡತವನ್ನು ಯಾರೂ ಇಡುವುದಿಲ್ಲ, ಅದರ ಆಸೆ ಬಿಡಿ ಎಂದರು. ನಾನು ಏಳುವಷ್ಟರಲ್ಲಿ ಇನ್ನೊಂದು ಮಾತು ಹೇಳಿದರು. ಆ ಕಾಲಕ್ಕೆ ಇಳಕಲ್ಲಿನಿಂದ ಒಂದು ವಾರಪತ್ರಿಕೆ ಬರುತ್ತಿತ್ತು, ಅದರ ಸಂಪಾದಕ ಕೋರ್ಟುಗಳಲ್ಲೇ ಕೂತಿರುತ್ತಿದ್ದ, ತೀರ್ಪುಗಳನ್ನು ಬಿಡದೆ ಹಾಕುತ್ತಿದ್ದ. ನಮ್ಮ ಸಂಗ್ರಹದಲ್ಲಿ ಆ ಪತ್ರಿಕೆಯ ನಾಲ್ಕಾರು ಬಿಡಿ ಸಂಚಿಕೆ ಮಾತ್ರ ಇದ್ದವು. ಹುನಗುಂದದಿಂದ ಮನೆಗೆ ತಿರುಗದೆ ಇಳಕಲ್ಲಿನ ಬಸ್ಸು ಹತ್ತಿದೆ.

ಇಳಕಲ್ಲಿನಲ್ಲಿ ಆ ಪತ್ರಿಕೆಯ ಹೆಸರು ಕೇಳಿದವರೇ ಕಡಿಮೆ. ಸಂಪಾದಕರ ಮನೆಯವರು ಊರು ಬಿಟ್ಟು ಹೋಗಿದ್ದರು. ಕೊನೆಗೆ ಒಬ್ಬ ಸೀರೆ ವ್ಯಾಪಾರಿ, ತಮ್ಮ ತಂದೆ ಅದಕ್ಕೆ ಚಂದಾದಾರರಾಗಿದ್ದರು, ಹಳೆಯ ಸಂಚಿಕೆಗಳನ್ನು ಸೀರೆಯ ಮಡಿಕೆಗಳ ನಡುವೆ ಹಾಕಲು ಅಟ್ಟದ ಮೇಲೆ ಇಟ್ಟಿದ್ದರು ಎಂದರು. ಎಷ್ಟೋ ಹೋಗಿದ್ದವು, ಎಷ್ಟೋ ಉಳಿದಿದ್ದವು. ಮರುದಿನ ಗೆಳತಿಯೂ ಬಂದಳು. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಇಬ್ಬರೂ ಹಾಳೆ ಬಿಡಿಸುತ್ತ ಕೂತೆವು. ಆ ಕಡೆ ಗಿರಾಕಿಗಳ ಮುಂದೆ ಸೀರೆ ಹರವುತ್ತಿದ್ದರು, ಈ ಕಡೆ ನಾವು ಪತ್ರಿಕೆ ಹರವುತ್ತಿದ್ದೆವು. ಒಂದು ದಿನದಲ್ಲಿ ಮುಗಿಯಲಿಲ್ಲ. ಮತ್ತೆ ಹೋದೆವು, ಮತ್ತೂ ಹೋದೆವು.

ಸಿಕ್ಕಿತು. ಮೂಲೆ ಹರಿದ ಒಂದು ಒಳಪುಟದಲ್ಲಿ, ಬೀಜದ ಅಂಗಡಿಯ ಜಾಹೀರಾತಿನ ಕೆಳಗೆ, ನಾಲ್ಕು ಸಾಲು. ಗೋದಾಮಿನ ಬೆಂಕಿಯ ಮೊಕದ್ದಮೆಯಲ್ಲಿ ಕಾವಲುಗಾರ ನಿರ್ದೋಷಿ ಎಂದು ಕೋರ್ಟು ಬಿಟ್ಟಿದೆ. ಫ್ಯಾಕ್ಟರಿಯಲ್ಲಿ ಕೂಲಿ ಮಾಡುತ್ತಿದ್ದ ಬಾದಾಮಿಯ ಹೆಣ್ಣುಮಗಳೊಬ್ಬಳ ಸಾಕ್ಷಿಯನ್ನು ನ್ಯಾಯಾಧೀಶರು ಒಪ್ಪಿದ್ದಾರೆ. ಹೆಣ್ಣುಮಗಳ ಹೆಸರಿರಲಿಲ್ಲ. ಅವಳು ಏನು ಹೇಳಿದಳು ಎಂಬುದೂ ಇರಲಿಲ್ಲ.

ಗಿರಣಿಯವರನ್ನು ಕರೆಸಿ ಆ ಪುಟ ತೋರಿಸಿದೆವು. ಇದನ್ನು ಸೂಚಿಯಲ್ಲಿ ಬಂಧನದ ಸುದ್ದಿಯ ಪಕ್ಕದಲ್ಲೇ ಇಡುತ್ತೇವೆ, ಇನ್ನು ಮೇಲೆ ಒಂದನ್ನು ನೋಡಿದವರಿಗೆ ಇನ್ನೊಂದೂ ಕಾಣುತ್ತದೆ ಎಂದೆವು. ಅವರು ಸಮಾಧಾನದಿಂದ ಹೋಗುತ್ತಾರೆ ಎಂದುಕೊಂಡಿದ್ದೆ. ಆ ನಾಲ್ಕು ಸಾಲುಗಳನ್ನು ಬೆರಳಿಟ್ಟು ಓದಿ, ಮತ್ತೆ ಮೊದಲಿಂದ ಓದಿದರು.

“ಆ ಹೆಣ್ಣುಮಗಳು ಏನ್ ಹೇಳಿದಳ್ರಿ?” ಎಂದು ಕೇಳಿದರು.

ಗೊತ್ತಿಲ್ಲವೆಂದೆ. ಆಗ ಅವರು ನಿಧಾನವಾಗಿ, ಯಾರಿಗೂ ಹೇಳದಿದ್ದ ಮಾತು ಹೇಳಿದರು. ಬೆಂಕಿ ಬಿದ್ದಾಗ ಅವರು ಇನ್ನೂ ಒಂದನೆಯ ಇಯತ್ತೆಯ ಹುಡುಗ. ಬಿಡುಗಡೆಯಾದ ಮೇಲೆ ತಂದೆ ಬಾಗಲಕೋಟೆ ಬಿಟ್ಟು ಸ್ವಂತ ಊರು ಕೆರೂರಿಗೆ ತಿರುಗಿ ಬಂದರು. ಅವರ ಕೈಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ತಾಯಿ ರೊಟ್ಟಿ ಮುರಿದು ಕೊಡುತ್ತಿದ್ದಳು. ಕೈ ಹೇಗೆ ಸುಟ್ಟಿತು ಎಂದು ಕೇಳಿದರೆ ತಂದೆ ಎದ್ದು ಹೊರಗೆ ಹೋಗುತ್ತಿದ್ದರು. ಕೋರ್ಟು ಬಿಟ್ಟಿದ್ದು ಸಾಕ್ಷಿ ಸಾಲದೆ ಇರಬಹುದು, ಬೆಂಕಿ ಹಚ್ಚಿದ್ದು ಖರೆಯೇ ಇರಬಹುದು ಎಂದು ಮಗ ಒಳಗೊಳಗೇ ಅಂದುಕೊಂಡು ಬೆಳೆದಿದ್ದರು. ಊರವರು ನಕ್ಕಾಗ ಸಿಟ್ಟು ಬಂದದ್ದಕ್ಕಿಂತ ಹೆಚ್ಚು ಹೆದರಿಕೆ ಬಂದಿತ್ತು.

ಗೆಳತಿ ನನ್ನ ಮುಖ ನೋಡಿದಳು. ನಮ್ಮ ಕೆಲಸ ಪತ್ರಿಕೆಯಲ್ಲಿ ಬಂದದ್ದನ್ನು ಬರೆದಿಡುವುದು. ಬರದೆ ಇದ್ದದ್ದನ್ನು ಹುಡುಕುವುದು ಅದರಲ್ಲಿ ಬರುವುದಿಲ್ಲ. ಆದರೂ ಇಬ್ಬರಿಗೂ ಅಲ್ಲಿಗೆ ನಿಲ್ಲಲು ಆಗಲಿಲ್ಲ. ಮುಂದಿನ ವಾರ ಮೂವರೂ ಬಾದಾಮಿಗೆ ಹೋದೆವು.

ಆಗಿನ ಕಾಲಕ್ಕೆ ಹತ್ತಿಯ ಹಂಗಾಮಿನಲ್ಲಿ ಬಾದಾಮಿಯ ಹೆಣ್ಣುಮಕ್ಕಳು ಗುಂಪಾಗಿ ರೈಲಿನಲ್ಲಿ ಬಾಗಲಕೋಟೆಗೆ ಹೋಗಿ, ಫ್ಯಾಕ್ಟರಿಯ ಬದಿಯ ಗುಡಿಸಲುಗಳಲ್ಲೇ ಉಳಿದು ದುಡಿಯುತ್ತಿದ್ದರು. ಬಜಾರದಲ್ಲಿ ಕಾಯಿಪಲ್ಲೆ ಮಾರುವ ಹಿರಿಯ ಹೆಂಗಸರನ್ನು ಕೇಳುತ್ತ ಹೋದೆವು. ಜಿನ್ನಿಗೆ ಹೋಗುತ್ತಿದ್ದವರು ಯಾರು, ಕೋರ್ಟಿಗೆ ಹೋದವರು ಯಾರು? ಒಬ್ಬಾಕೆ ಇನ್ನೊಬ್ಬಾಕೆಯ ಹೆಸರು ಹೇಳಿದಳು, ಆಕೆ ತೀರಿಕೊಂಡಿದ್ದಳು. ಆಕೆಯ ಸೊಸೆ ಮತ್ತೊಬ್ಬಾಕೆಯ ಮನೆ ತೋರಿಸಿದಳು, ಅದಕ್ಕೆ ಬೀಗ ಹಾಕಿತ್ತು. ಬಿಸಿಲು ಏರಿತ್ತು. ನಾಳೆ ನೋಡೋಣವೇ ಎಂದು ಗಿರಣಿಯವರನ್ನು ಕೇಳಿದೆ. ಅವರು ತಲೆ ಅಲ್ಲಾಡಿಸಿ ಮುಂದೆ ನಡೆದರು. ಕೊನೆಗೆ ಹೊಂಡದ ಬದಿಯ ಓಣಿಯಲ್ಲಿ, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ಎಪ್ಪತ್ತು ದಾಟಿದ ಹೆಣ್ಣುಮಗಳ ಮುಂದೆ ನಿಂತೆವು. ಗೋದಾಮಿನ ಬೆಂಕಿ ಎಂದು ಬಾಯಿ ತೆಗೆದದ್ದೇ ತಡ, ಅವರ ಕೈ ನಿಂತಿತು.

ಇವರು ಆ ಕಾವಲುಗಾರರ ಮಗ ಎಂದೆ. ಅವರು ಗಿರಣಿಯವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು, ಏನೂ ಪೀಠಿಕೆಯಿಲ್ಲದೆ ಶುರು ಮಾಡಿದರು.

“ನಿಮ್ಮಪ್ಪ ನಿನಗ ಹೇಳಲಿಲ್ಲೇನು ತಮ್ಮಾ? ನಾವು ಕೂಲಿಯವರು ಕೂಸುಗೋಳನ್ನ ಗೋದಾಮಿನ್ಯಾಗ ಮಲಗಸ್ತಿದ್ವಿ. ಅರಳಿ ಮ್ಯಾಲ ಮೆತ್ತಗ ಮಲಗ್ತಿದ್ವು. ಮಾಲಕರಿಗೆ ಗೊತ್ತಿತ್ತು, ಗೊತ್ತಿಲ್ಲದಂಗ ಇರ್ತಿದ್ರು. ಬೆಂಕಿ ಹೆಂಗ ಹತ್ತಿತೋ ದೇವರಿಗೆ ಗೊತ್ತು. ಹೊಗಿ ನೋಡಿ ಎಲ್ಲಾರೂ ಹೊರಗ ಓಡಿದ್ರು. ಒಳಗ ಹೋದಾಂವ ನಿಮ್ಮಪ್ಪ ಒಬ್ಬನ. ಒಂದು ಕೂಸು ತಂದು ಕೊಟ್ಟ, ತಿರುಗಿ ಹೋದ. ಎರಡನೇ ಕೂಸು ತರೂವಾಗ ಕಬ್ಬಿಣದ ಬಾಗಲಾ ಕಾದು ಮುಚ್ಚಿಕೊಂಡಿತ್ತು. ಕೂಸಿನ್ನ ಧೋತರದಾಗ ಕಟ್ಟಿಕೊಂಡು, ಬಾಗಲಾ ಎರಡೂ ಕೈಲೆ ನೂಕಿ ಬಂದ.”

ಪೊಲೀಸರು ಬಂದು ಆ ಕೈಗಳನ್ನೇ ನೋಡಿ, ಹಚ್ಚಿದವನು ಇವನೇ ಎಂದರಂತೆ. ಕೂಸುಗಳು ಒಳಗಿದ್ದವು ಎಂದು ಹೊರಗೆ ಬಂದರೆ ಮಾಲಕರಿಗೆ ತೊಂದರೆ. ಆದ್ದರಿಂದ ಆ ಮಾತು ಎತ್ತಬಾರದೆಂದು ಕೂಲಿಯವರಿಗೆ ತಾಕೀತಾಯಿತು. ಉಳಿದವರು ಹೆದರಿ ಸುಮ್ಮನಾದರು. ಈ ಹೆಣ್ಣುಮಗಳು ಒಬ್ಬರೇ ಕೋರ್ಟಿಗೆ ಹೋದರು. ಕೈಯ ಮಾತು ಬಂದಾಗ, ಆ ಕೈಯೇ ನನ್ನ ಕೂಸನ್ನು ಹೊರಗೆ ತಂದದ್ದು ಎಂದು ಹೇಳಿದರು. ಮರುದಿನವೇ ಕೆಲಸ ಹೋಯಿತು. ಆಮೇಲೆ ಯಾವ ಜಿನ್ನಿನಲ್ಲೂ ಅವರನ್ನು ಕರೆಯಲಿಲ್ಲ. ಕಲ್ಲು ಹೊತ್ತು, ಕಾಯಿಪಲ್ಲೆ ಮಾರಿ ದಿನ ತೆಗೆದರು.

“ಎರಡನೇ ಕೂಸು ಈಕಿನ,” ಎಂದು ಗದ್ದದಿಂದ ಬಾಗಿಲ ಕಡೆ ತೋರಿಸಿದರು.

ನಮಗೆ ಚಹಾ ತರುತ್ತಿದ್ದ ಅವರ ಮಗಳು ಹೊಸ್ತಿಲಲ್ಲೇ ನಿಂತಿದ್ದಳು. ಐವತ್ತು ದಾಟಿದ ಹೆಂಗಸು, ಕೂದಲು ಬೆಳ್ಳಗಾಗಿತ್ತು. ಆ ಕಥೆಯನ್ನು ಅವಳು ಎಷ್ಟೋ ಸಲ ಕೇಳಿದ್ದಳು, ಆದರೆ ತನ್ನನ್ನು ಹೊತ್ತು ತಂದವನ ಕಡೆಯವರನ್ನು ಅಂದೇ ಕಂಡದ್ದು. ಟ್ರೇ ಕೆಳಗಿಟ್ಟು ಗಿರಣಿಯವರ ಕಾಲಿಗೆ ಬಾಗಲು ಹೋದಳು. ಅವರು ಗಾಬರಿಯಾಗಿ ಎದ್ದು ಅವಳ ಎರಡೂ ಕೈ ಹಿಡಿದರು. ಬಹಳ ಹೊತ್ತು ಆ ಕೈಗಳನ್ನು ಹಾಗೇ ಹಿಡಿದು ನಿಂತಿದ್ದರು. ನಾನು ಬೇರೆ ಕಡೆ ನೋಡಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಒಂದೇ ಮಾತು ಆಡಿದರು. ಕೇಳಿದವರೆಲ್ಲ ಮೊದಲೇ ನಿರ್ಧಾರ ಮಾಡಿಕೊಂಡು ಕೇಳುತ್ತಿದ್ದರು, ಅದಕ್ಕೇ ಅಪ್ಪ ಹೇಳದೆ ಬಿಟ್ಟಿರಬೇಕು ಎಂದರು. ಕೆರೂರು ಬಂದಾಗ ಇಳಿದು, ಬಸ್ಸು ಹೊರಡುವ ತನಕ ನಮ್ಮ ಕಿಟಕಿಯ ಕೆಳಗೆ ನಿಂತಿದ್ದರು.

ಬಂಧನದ ಸುದ್ದಿ ಹಾಕಿದ್ದ ಪತ್ರಿಕೆ ಈಗಲೂ ನಡೆಯುತ್ತಿದೆ. ಆಗಿನ ಸಂಪಾದಕರ ಮೊಮ್ಮಗ ಈಗ ಅದರ ಸಂಪಾದಕ. ಗೆಳತಿ ಮತ್ತು ನಾನು ಅವರ ಕಚೇರಿಗೆ ಹೋಗಿ ಎರಡೂ ಪುಟಗಳ ಪ್ರತಿ ಮುಂದಿಟ್ಟು, ಬಿಡುಗಡೆಯ ಸುದ್ದಿಯನ್ನೂ ಬಾದಾಮಿಯವರ ಮಾತನ್ನೂ ಪ್ರಕಟಿಸಿ ಎಂದು ಕೇಳಿದೆವು. ಅವರು ಒಳ್ಳೆಯ ಮನುಷ್ಯರೇ. ಚಹಾ ತರಿಸಿದರು. ಆದರೆ ಇಷ್ಟು ಹಳೆಯ ಸಂಗತಿಯನ್ನು ಈಗ ಯಾರು ಓದುತ್ತಾರೆ ಎಂದರು. ಇನ್ನೊಮ್ಮೆ ಹೋದಾಗ ಜಾಗವಿಲ್ಲ ಎಂದರು. ಮತ್ತೊಮ್ಮೆ ಹೋದಾಗ ಊರಲ್ಲಿಲ್ಲ ಎಂದು ಹೇಳಿಸಿದರು. ಒಳಗಿನಿಂದ ಅವರ ದನಿ ಕೇಳುತ್ತಿತ್ತು. ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಗೆಳತಿ ಚೀಲದಿಂದ ಖಾಲಿ ಕಾರ್ಡು ತೆಗೆದು ತನ್ನ ಕೆಲಸ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಅವರೇ ಹೊರಗೆ ಬಂದರು.

“ನಮ್ಮಜ್ಜ ಮಾಡಿದ್ದಕ್ಕ ನಾ ಯಾಕ ಕೈ ಮುಗಿಬೇಕ್ರಿ ಅಕ್ಕಾರ?” ಎಂದರು.

“ಕೈ ಮುಗೀರಿ ಅಂತ ನಾವು ಹೇಳಿಲ್ರಿ. ನಿಮ್ಮ ಅಜ್ಜಾರು ಒಂದು ಸುದ್ದಿ ಶುರು ಮಾಡ್ಯಾರ. ಅದನ್ನ ನೀವು ಮುಗಸ್ರಿ,” ಎಂದಳು ಗೆಳತಿ.

ಅವರಿಗೆ ಆ ಮಾತು ನಾಟಿತೋ, ನಾವು ಹೋಗುವವರಲ್ಲ ಎಂಬುದು ಖಾತ್ರಿಯಾಯಿತೋ ಗೊತ್ತಿಲ್ಲ. ತಾವೇ ಒಬ್ಬ ವರದಿಗಾರ್ತಿಯನ್ನು ಬಾದಾಮಿಗೆ ಕಳಿಸಿದರು. ಆಕೆ ತಿರುಗಿ ಬಂದು ಬರೆದದ್ದನ್ನು ಓದಿದ ಮೇಲೆ ಅವರಿಗೆ ಜಾಗ ಸಿಕ್ಕಿತು. ಆ ಭಾನುವಾರ ಒಳಪುಟದಲ್ಲಿ ತಾಯಿ ಮಗಳ ಚಿತ್ರದೊಂದಿಗೆ ಸುದ್ದಿ ಬಂತು. ಕಾವಲುಗಾರನ ಹೆಸರು, ಅವನ ತಂದೆಯ ಹೆಸರು, ಬಂಧನದ ಸುದ್ದಿಯಲ್ಲಿ ಇದ್ದಷ್ಟೇ ಸ್ಪಷ್ಟವಾಗಿ ಇದ್ದವು. ಈ ಸಲ ಸಾಕ್ಷಿ ಹೇಳಿದ ಹೆಣ್ಣುಮಗಳ ಹೆಸರೂ ಇತ್ತು. ಬಂಧನವನ್ನು ವರದಿ ಮಾಡಿದ್ದ ಈ ಪತ್ರಿಕೆ ಬಿಡುಗಡೆಯನ್ನು ವರದಿ ಮಾಡಿರಲಿಲ್ಲ ಎಂಬ ಒಂದು ವಾಕ್ಯವನ್ನು ಸಂಪಾದಕರು ತಾವೇ ಸೇರಿಸಿದ್ದರು. ಅದನ್ನು ನಾವು ಕೇಳಿರಲಿಲ್ಲ.

ಕೆರೂರಿನಲ್ಲಿ ಏನಾಯಿತು ಎಂದು ಗಿರಣಿಯವರು ಆಮೇಲೆ ಹೇಳಿದರು. ಕೆಲವರು ಬಂದು ಕೈ ಹಿಡಿದು ಮಾತಾಡಿದರು. ಕೆಲವರು ಓದಲೇ ಇಲ್ಲ. ಬೆಂಕಿಪೊಟ್ಟಣದ ಮಾತು ಇನ್ನೂ ಒಮ್ಮೊಮ್ಮೆ ಬರುತ್ತದೆ. ಈಗ ಅವರು ಗಿರಣಿಯನ್ನು ನಿಲ್ಲಿಸಿ, ಹಾಗೆ ಅಂದವನನ್ನು ಎದುರಿಗೆ ಕೂಡಿಸಿಕೊಂಡು ತಂದೆಯ ಸಂಗತಿಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾರಂತೆ. ಜೋಳ ಬೀಸುವುದು ತಡವಾದರೂ ಸರಿ, ಪೂರ್ತಿ ಕೇಳಿದ ಮೇಲೆಯೇ ಹಿಟ್ಟು. ಮೊಮ್ಮಗಳು ಬಾದಾಮಿಗೆ ಹೋಗಿ ಬಂದಿದ್ದಾಳೆ.

ಅದು ಮುಗಿದ ವಾರ ಗೆಳತಿ ‘ಬಂಧನ’ ಎಂದು ಬರೆದಿದ್ದ ಕಾರ್ಡಿನ ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಅದು ತುಂಬಿತ್ತು. ಕಳವು, ಹೊಡೆದಾಟ, ದೊಂಬಿ, ಹೆಣ್ಣುಮಗಳನ್ನು ಓಡಿಸಿಕೊಂಡು ಹೋದ ಆರೋಪ. ಒಂದೊಂದರಲ್ಲೂ ಒಬ್ಬರ ಹೆಸರು, ಅವರ ಊರು. ಮುಂದೇನಾಯಿತು ಎಂಬುದು ಬಹಳಷ್ಟು ಕಾರ್ಡುಗಳಲ್ಲಿ ಇರಲಿಲ್ಲ. ವಾಚನಾಲಯದವರು ಇದನ್ನು ಕೇಳಿ, ಇದಕ್ಕೆ ಕೈ ಹಾಕಬೇಡಿ, ಹೊಸ ಕಟ್ಟುಗಳೇ ಬಾಕಿ ಬಿದ್ದಿವೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆಳಿಗ್ಗೆ ಹೊಸ ಕಟ್ಟು, ಮಧ್ಯಾಹ್ನ ಈ ಪೆಟ್ಟಿಗೆ ಎಂದು ನಾವು ಹೊತ್ತು ಹಂಚಿಕೊಂಡೆವು. ಉತ್ತರ ಸಿಗುವ ತನಕ ಅಂತಹ ಕಾರ್ಡುಗಳ ಮೇಲೆ, ತೀರ್ಪು ನಮಗೆ ತಿಳಿದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆಯತೊಡಗಿದೆವು.

ಮೊದಲು ಕೈಗೆ ಬಂದದ್ದು ಕಮತಗಿಯ ಒಬ್ಬ ಮನುಷ್ಯನ ಕಾರ್ಡು. ಎತ್ತು ಕದ್ದ ಆರೋಪ. ಅವನೂ ನಿರ್ದೋಷಿಯೇ ಆಗಿರಲಿ ಎಂದು ನಾನು ಮನಸ್ಸಿನಲ್ಲೇ ಆಸೆಪಟ್ಟೆ. ಎರಡು ತಿಂಗಳು ಹುಡುಕಿದ ಮೇಲೆ ತೀರ್ಪು ಸಿಕ್ಕಿತು. ಅವನು ಎತ್ತು ಕದ್ದಿದ್ದ, ಶಿಕ್ಷೆಯೂ ಆಗಿತ್ತು.

ಗೆಳತಿ ಕೆಂಪು ಸಾಲನ್ನು ಹೊಡೆದು ಹಾಕಿ ಅದನ್ನೂ ಬರೆದಳು. ನಾನು ಮುಂದಿನ ಕಾರ್ಡು ತೆಗೆದೆ.